ಹೆಂಗಸರು, ಗಂಡಸರು ಸೇರಿ ಇಪ್ಪತ್ತು ಜನ ಹಾಡುವ ಹೊಸ ತಂಡಕ್ಕೆ ಅರ್ಧ ಸಿನಿಮಾ ಹಾಡು, ಅರ್ಧ ಜನಪದ ಇಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಯುಗಳ ಗೀತೆ ಸುಲಭವೆಂದೂ ಹೇಳಿದ್ದೀರಿ.

ಇದೇ ಲೆಕ್ಕವನ್ನು ಆರು ವರ್ಷದ ಹಿಂದೆ ಕಾರವಾರದ ಕೋಡಿಬಾಗದ ಒಂದು ಜಗಲಿಯಲ್ಲಿ ಕುಳಿತು ನಾನೂ ಹಾಕಿದ್ದೆ. ಒಂದು ಭಾವಗೀತೆ, ಎರಡು ಹಳೆಯ ಸಿನಿಮಾ ಹಾಡು, ಒಂದು ಕೊಂಕಣಿ, ಒಂದು ಸುಗ್ಗಿ ಪದ. ಪಟ್ಟಿಯಲ್ಲಿ ಹುಳುಕಿರಲಿಲ್ಲ. ಆದರೂ ಟಾಗೋರ್ ಕಡಲತೀರದ ವೇದಿಕೆಯಲ್ಲಿ ಮೊದಲ ಹಾಡಿನ ಮೊದಲ ಚರಣಕ್ಕೇ ಮುಗ್ಗರಿಸಿದೆವು.

ತಪ್ಪು ನನ್ನದು. ಹಾರ್ಮೋನಿಯಂ ನನ್ನ ಕೈಯಲ್ಲಿತ್ತು. ನನ್ನ ಗಂಟಲಿಗೆ ಒಗ್ಗುವ ಶ್ರುತಿ ಕಪ್ಪು ಒಂದು, ಅಂದರೆ ಮೊದಲ ಕಪ್ಪು ಮನೆಯೇ ‘ಸ’, ಹಾಗಾಗಿ ಎಲ್ಲವನ್ನೂ ಅದಕ್ಕೇ ಕೂರಿಸಿದೆ. ಮೊದಲು ಹಾಡಿದ ಆ ಭಾವಗೀತೆ ಮಧ್ಯ ಷಡ್ಜದಿಂದ (ನಡುವಿನ ‘ಸ’) ತಾರ ಗಾಂಧಾರದವರೆಗೆ (ಮೇಲಿನ ಸಪ್ತಕದ, ಅಂದರೆ ಮೇಲಿನ ಏಳು ಸ್ವರಗಳ ಸಾಲಿನ ‘ಗ’) ಏರುತ್ತದೆ. ನನಗೆ ತುಸು ಎತ್ತರ, ಅಷ್ಟೇ. ಹೆಂಗಸರು ಹಾಡುವುದು ನನಗಿಂತ ಒಂದು ಸಪ್ತಕ ಮೇಲೆ. ಅಲ್ಲಿ ಅದೇ ಗಾಂಧಾರ ಕಿರುಚಾಟವಾಗುತ್ತದೆ. ಸಪ್ತಕ ಇಳಿಸಿದರೆ ಅವರ ಷಡ್ಜವೇ ಹೊರಡುವುದಿಲ್ಲ. ತಾಲೀಮಿನಲ್ಲಿ ಇದು ತಿಳಿಯಲಿಲ್ಲವೇ ಎನ್ನುತ್ತೀರಿ. ತಿಳಿಯಲಿಲ್ಲ, ಏಕೆಂದರೆ ದಿನವೂ ಪಲ್ಲವಿಯನ್ನೇ ತಿಕ್ಕುತ್ತಿದ್ದೆವು, ಪಲ್ಲವಿ ಪಂಚಮ (‘ಪ’) ದಾಟುತ್ತಿರಲಿಲ್ಲ. ಚರಣ ಬಂದಾಗ ಹೆಂಗಸರು ಗುನುಗಿ ಸಾಗಿಸುತ್ತಿದ್ದರು. ಅದನ್ನು ನಾನು ಸಂಕೋಚವೆಂದುಕೊಂಡೆ! ಮೈಕಿನ ಮುಂದೆ ಗುನುಗಿದರೆ ನಡೆಯುತ್ತದೆಯೇ? ಅರ್ಧ ಜನ ಬಾಯಿ ಮುಚ್ಚಿದರು, ಇಬ್ಬರು ಬೇರೆಯೇ ಶ್ರುತಿ ಹಿಡಿದರು. ಒಬ್ಬ ಅಕ್ಕ ಮರುವಾರದಿಂದ ಬರಲೇ ಇಲ್ಲ.

ಅನಂತರ ಅದೇ ಹಾಡನ್ನು ಕಪ್ಪು-ಬಿಳಿ ಸೇರಿ ಮೂರು ಮನೆ ಇಳಿಸಿ, ಕೆಳಗಿನ ಸಪ್ತಕದ ಕಪ್ಪು ಐದರಲ್ಲಿ ಹಾಡಿದೆವು. ಗಂಡಸರಿಗೆ ಷಡ್ಜ ಸ್ವಲ್ಪ ತಗ್ಗಾಯಿತು, ಗೊಣಗಿದರು, ಹಾಡಿದರು.

ಆದ್ದರಿಂದ ಅರ್ಧ-ಅರ್ಧದ ಪ್ರಶ್ನೆಯನ್ನೇ ಬಿಡಿ. ಯುಗಳ ಗೀತೆ ಸುಲಭವೆಂಬ ನಿಮ್ಮ ಮಾತನ್ನೂ ಒಪ್ಪುವುದಿಲ್ಲ: ಅಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಶ್ರುತಿ ಒಂದೇ, ಗಾಯಕ ಹೆಚ್ಚಾಗಿ ಮೇಲಿನ ಸಪ್ತಕದಲ್ಲೇ ತಿಣುಕಬೇಕು. ಹಿಂದೂಸ್ತಾನಿ ಗಾಯಕ ಪಂಡಿತ್ ಜಸರಾಜ್ ರೂಪಿಸಿದ ಜಸರಂಗಿ ಎಂಬ ಜೋಡಿ ಗಾಯನದ ಜುಗಲಬಂದಿಯಲ್ಲಿ ಗಾಯಕನಿಗೂ ಗಾಯಕಿಗೂ ಬೇರೆ ಬೇರೆ ಷಡ್ಜ, ಬೇರೆ ಬೇರೆ ರಾಗ. ಅಂಥ ಪಳಗಿದ ಗಂಟಲುಗಳಿಗೇ ಅಷ್ಟು ಏರ್ಪಾಡು ಬೇಕಾಯಿತು.

ಸುಗ್ಗಿ ಪದಕ್ಕೆ ಚರ್ಚಿನ ಗಾಯನದಂತೆ ನಾಲ್ಕು ದನಿ ಕಟ್ಟಲು ಹೋಗಬೇಡಿ. ನಾನು ಕಟ್ಟಿದ್ದೆ, ಜೀವ ಹೋಯಿತು. ಒಂದು ಗುಂಪು ಹೇಳಲಿ, ಇನ್ನೊಂದು ಎತ್ತಿಕೊಳ್ಳಲಿ, ಗುಮಟೆ ಎಂಬ ಮಣ್ಣಿನ ವಾದ್ಯ ಜೊತೆಗಿರಲಿ. ಹಾಲಕ್ಕಿ ಒಕ್ಕಲಿಗರ ಹಾಡು ಬೇಕಿದ್ದರೆ ಅಂಕೋಲೆಯ ದಿವಂಗತ ಸುಕ್ರಿ ಬೊಮ್ಮಗೌಡರ ದನಿಯಲ್ಲೇ, ಧ್ವನಿಮುದ್ರಣದಲ್ಲಿ ಕೇಳಿ ಕಲಿಯಿರಿ. ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಆ ಹಾಡುಗಳಿಗಾಗಿಯೇ.

ಮೊದಲ ಸಂಜೆ ಹಾಡಿನ ಪುಸ್ತಕ ತೆರೆಯಬೇಡಿ. ನಿಮ್ಮ ಇಪ್ಪತ್ತು ಜನರನ್ನೂ ಒಬ್ಬೊಬ್ಬರಾಗಿ ಹಾರ್ಮೋನಿಯಂ ಪಕ್ಕ ಕೂರಿಸಿ, ದನಿ ಎಲ್ಲಿಂದ ಎಲ್ಲಿಗೆ ನೋಯದೆ ಹೋಗುತ್ತದೆಂದು ಬರೆದುಕೊಳ್ಳಿ. ನಿಮ್ಮದನ್ನು ಕೊನೆಗೆ ಬರೆಯಿರಿ.