ಉಭಯ ಕುಶಲೋಪರಿ ಆದಮೇಲೆ?

ಬೈಂದೂರು ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಗಂಡ ಕುವೈತಿನಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಕರು. ಮಗ ಆರನೇ ತರಗತಿ. ದಿನವೂ ವಿಡಿಯೊ ಕರೆ ಬರುತ್ತದೆ; ಹುಡುಗ "ಊಟ ಆಯಿತು, ಓದುತ್ತಿದ್ದೇನೆ" ಎಂದು ಫೋನನ್ನು ಅಮ್ಮನ ಕೈಗೆ ತುರುಕಿ ಓಡುತ್ತಾನೆ. ಬೇಸಗೆ ರಜೆಯಲ್ಲಿ ಅಜ್ಜಿಮನೆಗೆ ಹೋದರಂತೂ ಮಾತಿಗೇ ಸಿಗುವುದಿಲ್ಲ. "ತಿಂಗಳಿಗೊಂದು ಕಾಗದ ಬರೆಸಿದರೆ ಹೇಗೆ? ಮಾದರಿ ಪತ್ರವೊಂದನ್ನು ಪ್ರಕಟಿಸುವಿರಾ?"

ಸೋದರಿ, ಮಾದರಿ ಪತ್ರ ಕೊಡಲಾರೆ. ಅದರಿಂದ ಪೆಟ್ಟು ತಿಂದವನು ನಾನು.

ನನ್ನ ತಂದೆ ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿದ್ದರು. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕುಳಿತು ಹತ್ತನೆಯದನ್ನು ದಾಟಿ, ಗಲ್ಲಾಪೆಟ್ಟಿಗೆಯವರೆಗೆ ಬಂದವರು. ಕೊಂಕಣ ರೈಲು ಬಂದದ್ದು 1998ರಲ್ಲಿ. ಅದಕ್ಕೆ ಮೊದಲು ಊರೆಂದರೆ ಬಸ್ಸಿನಲ್ಲಿ ಒಂದು ರಾತ್ರಿ, ಒಂದು ಹಗಲು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಅದೂ ಶಾಲೆ ನಡೆಯುವಾಗಲೇ.

ನಾನು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎನ್ನುವುದು ಸುಳ್ಳು, ಅಮ್ಮ ಬರೆಸುತ್ತಿದ್ದಳು. "ತೀರ್ಥರೂಪ ತಂದೆಯವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ." ಸಾಂಪ್ರತ ಎಂದರೆ ಏನೆಂದು ನನಗೂ ತಿಳಿಯದು, ಅಮ್ಮನಿಗೂ ತಿಳಿಯದು. ಆಮೇಲೆ ಗಣಿತದಲ್ಲಿ ಇಷ್ಟು, ವಿಜ್ಞಾನದಲ್ಲಿ ಇಷ್ಟು, ಚೆನ್ನಾಗಿ ಓದುತ್ತೇನೆ. ಉತ್ತರ ಬರುತ್ತಿದ್ದದ್ದು ಮನಿಯಾರ್ಡರ್ ಫಾರಮಿನ ಕೆಳತುದಿಯ ಕೂಪನ್ನಿನಲ್ಲಿ. ಅಲ್ಲಿ ಬರೆಯಲು ಎರಡು ಬೆರಳಿನಷ್ಟು ಜಾಗ. ಪ್ರತಿ ತಿಂಗಳೂ ಅದೇ: "ಗಣಿತ ಗಮನಿಸು."

ಆರನೇ ತರಗತಿ ಮುಗಿದ ಬೇಸಗೆ. ಏಪ್ರಿಲ್ ಹತ್ತಕ್ಕೆ ಫಲಿತಾಂಶ, ಹನ್ನೊಂದಕ್ಕೆ ನಾನು ಅಜ್ಜಿಮನೆಯಲ್ಲಿ, ಘಟ್ಟದ ಬುಡದಲ್ಲಿ. ಅಜ್ಜಿಗೆ ಅಕ್ಷರ ಬಾರದು. ಹೀಗಾಗಿ ಆ ತಿಂಗಳ ಕಾಗದವನ್ನು ತಿದ್ದುವವರಿರಲಿಲ್ಲ. ಹಲಸಿನ ಸೊಳೆ ಬೇಯಿಸಿ ಒನಕೆಯಲ್ಲಿ ಕುಟ್ಟುವುದು, ಅಂಗಳದ ಚಾಪೆಯ ಮೇಲಿನ ಹಪ್ಪಳಕ್ಕೆ ಕಾಗೆ ಕಾಯುವ ಕೆಲಸ ನನ್ನದಾದದ್ದು, ಕಾಗೆಗಿಂತ ಹೆಚ್ಚು ಹಿಟ್ಟು ನಾನೇ ತಿಂದದ್ದು, ಗೇರುಬೀಜದ ಆಸೆಗೆ ಮರ ಹತ್ತಿ ಬಿದ್ದು ಮೊಣಕಾಲು ಕಿತ್ತುಕೊಂಡದ್ದು, ಎಲ್ಲ ಬರೆದೆ. ಮೂರು ಮಡಿಕೆಯೂ ತುಂಬಿ, ಅಂಟಿನ ಅಂಚಿನಲ್ಲೂ ಎರಡು ಸಾಲು. ಅಂಕದ ಸುದ್ದಿಗೆ ಜಾಗವೇ ಉಳಿಯಲಿಲ್ಲ.

ಮೇ ತಿಂಗಳ ಮನಿಯಾರ್ಡರ್ ನಾನು ಮನೆಗೆ ಮರಳಿದ ಮೇಲೆ ಬಂತು. ನಮ್ಮ ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಟ್ಟು, ಕೂಪನ್ನನ್ನು ಜಗುಲಿಯಲ್ಲಿ ಗಟ್ಟಿಯಾಗಿ ಓದುವವರು. ಓದಿದರು: "ಮೊಣಕಾಲು ಒಣಗಿತೇ? ಯಾವ ಗೇರುಮರ, ಬಾವಿಕಟ್ಟೆಯದೋ ಗುಡ್ಡದ್ದೋ? ಅಮ್ಮನಿಗೆ ಹೇಳಬೇಡ." ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಮುಂದಿನದನ್ನು ಇಲ್ಲಿ ಬರೆಯುವುದು ಬೇಡ.

ಆದರೆ ಆ ಮನುಷ್ಯ ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಮಾಟುಂಗಾದ ಗಲ್ಲಾದ ಮುಂದೆ ಕುಳಿತು ಅವರು ಆ ಮರ ಯಾವುದೆಂದು ಹುಡುಕಿದ್ದರು.

ಆದ್ದರಿಂದ ಬರೆಸಬೇಡಿ, ಬರೆಯಲಿ. ಅಂಕಪಟ್ಟಿಯ ಫೋಟೊವನ್ನು ನೀವೇ ಮೊಬೈಲಿನಲ್ಲಿ ಕಳಿಸಿಬಿಡಿ, ಆ ಹೊರೆ ಕಾಗದಕ್ಕೆ ಬೇಡ. ಕಾಗುಣಿತ ತಪ್ಪಿದರೆ ತಪ್ಪಲಿ, ಅದನ್ನು ತಿದ್ದಲು ಮೇಷ್ಟರಿದ್ದಾರೆ. ಕರೆಯ ಬಗ್ಗೆಯೂ ಹುಡುಗನನ್ನು ಬೈಯಬೇಡಿ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ; ಇಲ್ಲಿ ರಾತ್ರಿ ಒಂಬತ್ತಕ್ಕೆ ಇವನ ಕಣ್ಣು ಎಳೆಯುವಾಗ ಅಲ್ಲಿ ಆರೂವರೆ, ಅಪ್ಪ ಆಗಷ್ಟೇ ಕೆಲಸ ಬಿಟ್ಟಿರುತ್ತಾರೆ. ಇಬ್ಬರೂ ದಣಿದವರು.

ನಿಮ್ಮ ಯಜಮಾನರಿಗೂ ಒಂದು ಮಾತು. "ಓದುತ್ತಿದ್ದೀಯಾ" ಎಂಬ ಪ್ರಶ್ನೆಗೆ "ಹೂಂ" ಬಿಟ್ಟರೆ ಬೇರೆ ಉತ್ತರವಿಲ್ಲ. ಅವರೂ ತಮ್ಮ ಸುದ್ದಿ ಬರೆಯಲಿ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಸರಕಾರಿ ಕಟ್ಟಳೆಯಿದೆ. ಆ ಐದು ಗಂಟೆ ಅವರ ಆಳುಗಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ? ಆರನೇ ತರಗತಿಯ ಹುಡುಗನಿಗೆ ಇದು ಪಾಠಕ್ಕಿಂತ ರುಚಿ.

ಕಾಗದವನ್ನು ಅಂಚೆಗೆ ಹಾಕಲೇಬೇಕೆಂದಿಲ್ಲ. ರಜೆ ಮುಗಿಸಿ ಕುವೈತಿಗೆ ಹೊರಡುವವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಹಪ್ಪಳದ ಕಟ್ಟಿನೊಳಗೆ ಇಟ್ಟು ಕೊಡಿ. ಲಕೋಟೆಗೆ ಅಂಟು ಮಾತ್ರ ಮಗನೇ ಹಚ್ಚಲಿ, ನೀವು ನೋಡುವ ಮೊದಲು.