ಮೂರು ಲಕ್ಷ ಕಿಲೋಮೀಟರ್ ಓಡಿದ ಸ್ಪೋರ್ಟ್ಸ್ ಕಾರು ತಗೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: ಇಪ್ಪತ್ತು ವರ್ಷ ಹಳೆಯ ಪೋರ್ಷೆ 911, 996 ಮಾಡೆಲ್, ಮ್ಯಾನ್ಯುಯಲ್ ಗೇರ್, 3,10,000 ಕಿಲೋಮೀಟರ್ ಓಡಿದೆ. ಕಡಿಮೆ ಓಡಿದ ಅದೇ ಮಾಡೆಲ್‌ಗಳ ಅರ್ಧ ಬೆಲೆಗೆ ಸಿಗ್ತಾ ಇದೆ. ತಗೊಳ್ಳಲಾ, ಬೇಡವಾ?

ತಗೊಳ್ಳಬಹುದು. ಆದರೆ ಅರ್ಧ ಬೆಲೆ ಅನ್ನೋ ಒಂದೇ ಕಾರಣಕ್ಕೆ ಬೇಡ.

ಇದನ್ನು ಯಾಕೆ ಹೇಳುತ್ತೇನೆ ಅಂದ್ರೆ ನಾನು ಎರಡೂ ಥರದ ಕಾರು ಸಾಕಿದ್ದೇನೆ. ಮೊದಲು ತಗೊಂಡದ್ದು 18 ವರ್ಷ ಹಳೆಯದು, ಓಡಿದ್ದು ಬರೀ 42,000. ಬಣ್ಣ ಹೊಸದರಂತೆ, ಸೀಟು ಹೊಸದರಂತೆ, ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಆರು ತಿಂಗಳೊಳಗೆ ಕೂಲೆಂಟ್ ಹೋಸ್ ಸೀಳಿತು, ಕ್ಲಚ್‌ನ ಹೈಡ್ರಾಲಿಕ್ ಸಿಲಿಂಡರ್ ಸೋರಿತು, ಎಂಜಿನ್ ಹಿಂದಿನ ಸೀಲ್ ಒಣಗಿ ಆಯಿಲ್ ಬಿಡೋದಕ್ಕೆ ಶುರುವಾಯಿತು. ಟೈರಿನ ಮೇಲ್ಮೈಯ ಗೆರೆಗಳು ಚೆನ್ನಾಗಿಯೇ ಇದ್ದವು, ಆದರೆ ಪಕ್ಕದ ರಬ್ಬರ್ ಬಗ್ಗಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ರಬ್ಬರಿಗೆ ಕಿಲೋಮೀಟರ್ ಗೊತ್ತಾಗಲ್ಲ, ವರ್ಷ ಗೊತ್ತಾಗುತ್ತೆ. ಆಮೇಲೆ ತಗೊಂಡ ಚಿಕ್ಕ ಎರಡು ಸೀಟಿನ ಕಾರು 2,85,000 ಓಡಿತ್ತು. ಅದರ ಹಿಂದಿನ ಮಾಲೀಕರು ದಿನಾ ಹೈವೇಯಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಕೀ ಕೊಡುವಾಗ ಜೊತೆಗೆ ಒಂದು ದಪ್ಪ ಫೈಲ್ ಕೊಟ್ಟರು, ಬಿಲ್‌ಗಳ ಅಂಚಿಗೆಲ್ಲ ಆಯಿಲ್ ಮೆತ್ತಿದ ಬೆರಳಿನ ಗುರುತು. ಅದು ಈಗ 3,60,000 ದಾಟಿದೆ. ಕ್ಲಚ್, ವಾಟರ್ ಪಂಪ್, ಶಾಕ್ ಅಬ್ಸಾರ್ಬರ್, ಮುಂದಿನ ಬುಷ್‌ಗಳು, ಒಂದು ವೀಲ್ ಬೇರಿಂಗ್, ಇಷ್ಟು ಬದಲಾಯಿಸಿದ್ದೇನೆ. ಎಂಜಿನ್ ಬಿಚ್ಚಿಲ್ಲ.

ಎಂಜಿನ್ ಸವೆಯುವುದು ಜಾಸ್ತಿ ಅದು ತಣ್ಣಗಿರುವಾಗ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಆಯಿಲ್ ಬಿಸಿಯಾಗೋ ಮೊದಲೇ ಎಳೆದಾಡುವುದು, ಐದು ನಿಮಿಷ ಓಡಿಸಿ ಆಫ್ ಮಾಡುವುದು, ಇಂಥದ್ದೇ ಎಂಜಿನ್ನಿನ ಜೀವ ತಿನ್ನುವುದು. ಒಂದೇ ವೇಗದಲ್ಲಿ ಎರಡು ಗಂಟೆ ಓಡಿದರೆ ಅದಕ್ಕೆ ಅಂಥ ಕಷ್ಟವೇನೂ ಇಲ್ಲ. ಇರ್ವ್ ಗಾರ್ಡನ್ ಅನ್ನೋ ಅಮೆರಿಕದ ಮೇಷ್ಟರು 1966ರಲ್ಲಿ ತಗೊಂಡ ವೋಲ್ವೋ ಪಿ1800 ಕೂಪೆ 2013ರಲ್ಲಿ 30 ಲಕ್ಷ ಮೈಲಿ ದಾಟಿತು, ಅಂದ್ರೆ ಸುಮಾರು 48 ಲಕ್ಷ ಕಿಲೋಮೀಟರ್. ಅದೂ ಸ್ಪೋರ್ಟ್ಸ್ ಕಾರೇ. ಸರಿಯಾಗಿ ನೋಡಿಕೊಂಡು ದಿನಾ ಓಡಿಸಿದರು, ಅಷ್ಟೇ.

ಈಗ ನಿಮ್ಮ 996ಕ್ಕೆ ಬರೋಣ. ಇದರ ಸಾಮಾನ್ಯ ಮಾದರಿ ಕರೇರಾದ ಎಂಜಿನ್ನಿನಲ್ಲಿ ಎಲ್ಲರೂ ಹೆದರುವ ಒಂದು ಭಾಗ ಇದೆ, ಐಎಂಎಸ್ ಬೇರಿಂಗ್. ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುವ ಮಧ್ಯದ ಶಾಫ್ಟಿಗೆ ಆಸರೆ ಕೊಡುವ ಬಾಲ್ ಬೇರಿಂಗ್ ಅದು. ಸೀಲ್ ಹಾಳಾದರೆ ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬೇರಿಂಗ್ ಒಡೆದರೆ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. ಇದನ್ನು ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೇ ತಿಳಿದವರು ಕ್ಲಚ್ ಹಾಕಿಸುವಾಗಲೇ ಇದನ್ನೂ ಮಾಡಿಸಿಬಿಡುತ್ತಾರೆ. ಆದ್ದರಿಂದ ಮಾರುವವರಿಗೆ ನಿಮ್ಮ ಮೊದಲ ಪ್ರಶ್ನೆ, ಕ್ಲಚ್ ಯಾವಾಗ ಬದಲಾಯಿಸಿದಿರಿ, ಆಗ ಬೇರಿಂಗ್ ಹಾಕಿಸಿದಿರಾ, ಬಿಲ್ ತೋರಿಸಿ. 3,10,000 ಓಡಿದ ಕಾರಿನಲ್ಲಿ ಒಮ್ಮೆಯಾದರೂ ಕ್ಲಚ್ ಆಗಿರಲೇಬೇಕು ಅಲ್ವಾ?

ಎರಡನೆಯದು ಸಿಲಿಂಡರ್ ಗೋಡೆಯ ಗೀರು, ಅಂದ್ರೆ ಪಿಸ್ಟನ್ ಓಡಾಡುವ ಗೋಡೆ ಗೀರಿಹೋಗಿ ಎಂಜಿನ್ ಆಯಿಲ್ ಸುಡುವುದು. ಎರಡು ಸೈಲೆನ್ಸರ್ ಪೈಪುಗಳೊಳಗೆ ಬೆರಳು ಹಾಕಿ ಸವರಿ. ಒಂದು ಕಡೆ ಒಣ ಬೂದು ಬಣ್ಣ, ಇನ್ನೊಂದು ಕಡೆ ಎಣ್ಣೆ ಬೆರೆತ ಕಪ್ಪು ಮಸಿ ಇದ್ದರೆ ಅನುಮಾನಪಡಿ. ಸ್ಪಾರ್ಕ್ ಪ್ಲಗ್ ತೆಗೆದು ತೂತಿನಿಂದ ಚಿಕ್ಕ ಕ್ಯಾಮೆರಾ ಇಳಿಸಿ ನೋಡಿಸಿ, ಆದರೆ ಗೀರು ಹೆಚ್ಚಾಗಿ ಕೆಳಭಾಗದಲ್ಲಿ ಇರುವುದರಿಂದ ಎಂಜಿನ್ ಅಡಿಯ ಆಯಿಲ್ ತಟ್ಟೆ (ಸಂಪ್) ಬಿಚ್ಚಿ ಕೆಳಗಿನಿಂದ ನೋಡಿಸಿದರೆ ಇನ್ನೂ ಒಳ್ಳೆಯದು. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿ ನೋಡುವುದನ್ನೂ ಬಿಡಬೇಡಿ. ಮಡಿಕೆಯಲ್ಲಿ ಲೋಹದ ಚೂರು ಮಿನುಗಿದರೆ ಮಾತುಕತೆ ಅಲ್ಲಿಗೇ ಮುಗಿಸಿ.

ನನಗೆ ತುಂಬಾ ಮುಖ್ಯ ಅನ್ನಿಸುವ, ಎಷ್ಟೋ ಜನ ಕೇಳುವುದನ್ನೇ ಮರೆಯುವ ಒಂದು ವಿಷಯ ಇದೆ. ಈ ಕಾರಿನ ಎಂಜಿನ್ ಕಂಪ್ಯೂಟರ್ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಲೆಕ್ಕ ಇಟ್ಟಿರುತ್ತದೆ. ಪೋರ್ಷೆ ಗೊತ್ತಿರುವ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಓದಬಹುದು. 3,10,000ವನ್ನು ಆ ಗಂಟೆಗಳಿಂದ ಭಾಗಿಸಿ. ಗಂಟೆ 4,500 ಇದ್ದರೆ ಸರಾಸರಿ ವೇಗ ಗಂಟೆಗೆ ಸುಮಾರು 69 ಕಿಲೋಮೀಟರ್ ಬರುತ್ತದೆ, ಅಂದ್ರೆ ಹೈವೇ ಕಾರು. 10,000 ಗಂಟೆ ಇದ್ದರೆ 31, ಅದು ಟ್ರಾಫಿಕ್‌ನಲ್ಲಿ ಬೆಂದ ಕಾರು. ಓಡೋಮೀಟರ್ ತುಂಬಾ ಹಿಂದಕ್ಕೆ ತಿರುಗಿಸಿದ್ದರೆ ಈ ಲೆಕ್ಕದಲ್ಲಿ ಅನುಮಾನ ಬರುತ್ತದೆ. ಅದೇ ಕಂಪ್ಯೂಟರಿನಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆಯೂ ಇರುತ್ತದೆ. ಆಕ್ಸಿಲರೇಟರ್ ಒತ್ತಿ ಮಿತಿ ಮುಟ್ಟಿಸಿದ್ದು ಒಂದು ಲೆಕ್ಕ. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕುವ ಬದಲು ಎರಡಕ್ಕೆ ಹಾಕಿ ಎಂಜಿನ್ ಕಿರುಚಿಸಿದ್ದು ಬೇರೆ ಲೆಕ್ಕ, ಅದು ಕೆಟ್ಟದ್ದು. ಯಾವ ಗಂಟೆಯಲ್ಲಿ ಆಯಿತು ಅನ್ನುವುದೂ ಅಲ್ಲಿರುತ್ತದೆ. ಎರಡು ಸಾವಿರ ಗಂಟೆ ಹಿಂದೆ ಆಗಿದ್ದು ಆಮೇಲೂ ಎಂಜಿನ್ ಚೆನ್ನಾಗಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾರು ನೋಡಲು ಹೋಗುವ ಮೊದಲು ಫೋನ್ ಮಾಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಹಿಂದಿನ ಮುಚ್ಚಳದ ಮೇಲೆ ಕೈ ಇಟ್ಟು ನೋಡಿ, ಎಂಜಿನ್ ಹಿಂದೆಯೇ ಇರೋದು. ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೀನಿ ಅಂತ ವಾಪಸ್ ಬನ್ನಿ. ತಣ್ಣಗಿದ್ದು ಸ್ಟಾರ್ಟ್ ಆದಾಗ ಒಂದು ಕ್ಷಣ ಬಿಳಿ ಹೊಗೆ ಬಂದರೆ ಈ ಥರ ಸಿಲಿಂಡರ್‌ಗಳನ್ನು ಅಡ್ಡ ಮಲಗಿಸಿದ ಎಂಜಿನ್ನಿನಲ್ಲಿ ಅದು ಸಹಜ. ಹೊಗೆ ನಿಲ್ಲದಿದ್ದರೆ, ಅಥವಾ ಟಕ್ ಟಕ್ ಶಬ್ದ ಬಿಸಿಯಾದ ಮೇಲೂ ಉಳಿದರೆ ಬೇಡ. ಓಡಿಸುವಾಗ ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಸ್ವಲ್ಪ ಬೇಗ ಎರಡನೇ ಗೇರಿಗೆ ಹಾಕಿ ನೋಡಿ, ಕರ್ ಅಂದರೆ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ಸವೆದಿದೆ.

ದುಡ್ಡಿನ ಮಾತು. ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಅದು ಹೊಸದಾಗಿದ್ದಾಗ ಎಷ್ಟು ದುಬಾರಿ ಕಾರಾಗಿತ್ತೋ ರಿಪೇರಿಯೂ ಅಷ್ಟೇ ದುಬಾರಿ. ಕೊಟ್ಟ ಬೆಲೆಯ ಮೂರನೇ ಒಂದು ಭಾಗದಷ್ಟಾದರೂ ಮೊದಲ ವರ್ಷಕ್ಕೆ ಬೇರೆ ಎತ್ತಿಡಿ, ಅಷ್ಟು ಇಲ್ಲದಿದ್ದರೆ ಈ ಕಾರು ಈಗ ಬೇಡ. ದಿನಾ ಕೆಲಸಕ್ಕೆ ಹೋಗಲು ನಿಮಗೆ ಇದೊಂದೇ ಗಾಡಿ ಆಗುವುದಾದರೆ ಆಗಲೂ ಬೇಡ ಅನ್ನುತ್ತೇನೆ, ಯಾಕಂದ್ರೆ ಒಂದು ಪಾರ್ಟ್‌ಗೋಸ್ಕರ ಮೂರು ವಾರ ಕಾಯುವಾಗ ಕಾರಿನ ಮೇಲಿನ ಪ್ರೀತಿಯೇ ಹೋಗಿಬಿಡುತ್ತದೆ. ಮಾರುವಾಗ ನಿಮಗೂ ಇದೇ ಕಿಲೋಮೀಟರ್ ನೋಡಿ ಜನ ಹಿಂಜರಿಯುತ್ತಾರೆ, ಅದೂ ಗೊತ್ತಿರಲಿ. ಆದರೆ ಅಷ್ಟು ಓಡಿದ ಕಾರನ್ನು ಇನ್ನೂ 20,000 ಓಡಿಸಿದರೆ ಬೆಲೆ ಏನೂ ಬೀಳಲ್ಲ. ಕಡಿಮೆ ಓಡಿದ 911 ತಗೊಂಡವರು ಎಷ್ಟೋ ಜನ ಭಾನುವಾರ ಹೊರಗೆ ತೆಗೆಯಲೂ ಲೆಕ್ಕ ಹಾಕುತ್ತಾರೆ. ನೀವು ಸುಮ್ನೆ ಕೀ ತಿರುಗಿಸಿ ಹೊರಡಬಹುದು, ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಎಂಜಿನ್ ಗಂಟೆ ಎಷ್ಟು, ಕ್ಲಚ್ ಬಿಲ್‌ನಲ್ಲಿ ಬೇರಿಂಗ್ ಇದೆಯಾ, ಈ ಎರಡು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.