ಪೆಟ್ಟಿ ಕೇಸ್ ಅಂತ ಗಿಲ್ಟಿ ಹೇಳಿ ಬರಬೇಡ ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದಿದೆ. ನೀನು ಅಂತಲೇ ಬರೆಯುತ್ತೇನೆ, ನನ್ನ ತಮ್ಮನಿಗೂ ನಿನ್ನದೇ ವಯಸ್ಸು. ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಎಂಟು ತಿಂಗಳಾಗಿದೆ, ಎಚ್-1ಬಿ ಕೆಲಸದ ವೀಸಾ ಮೇಲಿದ್ದೀಯ. ಪಾರ್ಕಿಂಗ್ ಜಾಗಕ್ಕೆ ಪಕ್ಕದ ಮನೆಯವನ ಜೊತೆ ರಾತ್ರಿ ಜಗಳ, ಕೂಗಾಟ, ಸ್ವಲ್ಪ ತಳ್ಳಾಟ, ಆಮೇಲೆ ಪೊಲೀಸರು ಬಂದು ಕೈಗೆ ಸಮನ್ಸ್ ಕೊಟ್ಟು ಹೋಗಿದ್ದಾರೆ. ಅದರಲ್ಲಿ ಡಿಸಾರ್ಡರ್ಲಿ ಕಂಡಕ್ಟ್, ಅಂದರೆ ಗಲಾಟೆ ಮಾಡಿದ ಆರೋಪ ಅಂತ ಇದೆ, ಕೋರ್ಟಿಗೆ ಇನ್ನು ಮೂರು ವಾರ. ರೂಮ್‌ಮೇಟ್ "ಗಿಲ್ಟಿ ಅಂದುಬಿಡು, ದುಡ್ಡು ಕಟ್ಟಿ ಬಾ" ಅನ್ನುತ್ತಾನೆ, ನ್ಯೂಯಾರ್ಕಿನ ಸ್ನೇಹಿತ "ಆರು ತಿಂಗಳು ತೆಪ್ಪಗಿದ್ದರೆ ಕೇಸ್ ತಾನೇ ಬಿದ್ದುಹೋಗುತ್ತದೆ" ಅನ್ನುತ್ತಾನೆ. ಯಾರ ಮಾತು ಕೇಳಲಿ ಅಂತ ಕೇಳಿದ್ದೀಯ. ಇಬ್ಬರ ಮಾತೂ ಬೇಡ.

ಮೊದಲು ಭಯ ಬಿಡು. ನ್ಯೂಜೆರ್ಸಿಯಲ್ಲಿ ಡಿಸಾರ್ಡರ್ಲಿ ಕಂಡಕ್ಟ್ ಅನ್ನುವುದು ಪೆಟ್ಟಿ ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್, ತೀರಾ ಕೆಳಗಿನ ಮೆಟ್ಟಿಲು. ಕಾನೂನಿನ ಪ್ರಕಾರ ಹೆಚ್ಚೆಂದರೆ 30 ದಿನ ಜೈಲು, 500 ಡಾಲರ್ ದಂಡ. ಇಂಥ ಚಿಕ್ಕ ಜಗಳಕ್ಕೆ, ಅದೂ ಮೊದಲ ಸಲ ಬಂದವರನ್ನು ಜೈಲಿಗೆ ಹಾಕಿದ್ದು ಇಷ್ಟು ವರ್ಷದಲ್ಲಿ ನಾನಂತೂ ಕಂಡಿಲ್ಲ. ದಂಡದ ಮೇಲೆ 50 ಮತ್ತು 75 ಡಾಲರ್‌ನ ಎರಡು ಶುಲ್ಕ, ಕೋರ್ಟ್ ಖರ್ಚು 33 ಡಾಲರ್‌ವರೆಗೆ ಅಂತ ಸೇರುತ್ತದೆ, ಅದೇನು ದೊಡ್ಡದಲ್ಲ. ದುಡ್ಡಿನ ವಿಷಯ ಇಷ್ಟೇ.

ನಮ್ಮ ಕಡೆ ಪೆಟ್ಟಿ ಕೇಸ್ ಅಂದರೆ ಗೊತ್ತಲ್ವಾ? ಬೆಳಿಗ್ಗೆ ಹೋಗಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಊಟಕ್ಕೆ ಮನೆಗೆ. ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಇಲ್ಲಿಯೂ ಪೆಟ್ಟಿ ಅಂತಲೇ ಬರೆದಿರುವುದರಿಂದ ನಮ್ಮವರು ಹಾಗೇ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ನೀನು ವೀಸಾ ಮೇಲಿರುವವನು. ವೀಸಾ ಫಾರ್ಮ್‌ನಲ್ಲಿ ಯಾವತ್ತಾದರೂ ಅರೆಸ್ಟ್ ಆಗಿದೆಯಾ, ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ. ಗ್ರೀನ್ ಕಾರ್ಡ್ ಫಾರ್ಮ್‌ನಲ್ಲಿ ಸಮನ್ಸ್ ಬಂದಿದೆಯಾ, ಚಾರ್ಜ್ ಆಗಿದೆಯಾ ಅಂತಲೂ ಕೇಳುತ್ತಾರೆ. ಸಿಟಿಜನ್‌ಶಿಪ್ ಹೊತ್ತಿಗೂ ಅದೇ ಪ್ರಶ್ನೆ. ಕೇಸ್ ವಜಾ ಆಗಿದ್ದರೂ, ದಾಖಲೆ ಅಳಿಸಿದ್ದರೂ ಅಲ್ಲಿ ಹೇಳಲೇಬೇಕು. ಹಾಗಾಗಿ ಕೊನೆಗೆ ಕೋರ್ಟ್ ನಿನ್ನ ಹೆಸರಿನ ಮುಂದೆ ಏನು ಬರೆಯುತ್ತದೆ ಅನ್ನುವುದು ಐನೂರು ಡಾಲರ್‌ಗಿಂತ ದೊಡ್ಡ ವಿಷಯ.

ಈಗ ಕೋರ್ಟ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನೀನು ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿದ್ದೀಯ, ಕೌಂಟಿಯ ದೊಡ್ಡ ಕೋರ್ಟ್ ನ್ಯೂ ಬ್ರನ್ಸ್‌ವಿಕ್‌ನಲ್ಲಿದೆ. ಆದರೆ ನಿನ್ನ ಕೇಸ್ ಅಲ್ಲಿಗೆ ಹೋಗುವುದಿಲ್ಲ. ಇಂಥ ಸಣ್ಣವೆಲ್ಲ ಆಯಾ ಊರಿನ ಮುನಿಸಿಪಲ್ ಕೋರ್ಟಿನಲ್ಲೇ ಮುಗಿಯುತ್ತವೆ. ಓಕ್ ಟ್ರೀ ರೋಡ್ ನೋಡು, ನಮಗೆ ಅದು ಒಂದೇ ಬೀದಿ. ಆದರೆ ಎಡಿಸನ್ ಕಡೆ ಜಗಳ ಆದರೆ ಎಡಿಸನ್ ಕೋರ್ಟ್, ಸ್ವಲ್ಪ ಮುಂದೆ ಐಸೆಲಿನ್ ಕಡೆ ಆದರೆ ವುಡ್‌ಬ್ರಿಜ್ ಕೋರ್ಟ್. ಸಮನ್ಸ್ ಮೇಲೆ ಯಾವ ಊರಿನ ಹೆಸರಿದೆ, ಖುದ್ದಾಗಿ ಬರಬೇಕಾ ಅಥವಾ ಜೂಮ್‌ನಲ್ಲಾ ಅಂತ ಇವತ್ತೇ ನೋಡಿಕೋ. ತಪ್ಪಿಸಿಕೊಂಡರೆ ವಾರಂಟ್ ಹೊರಡಬಹುದು, ಆಗ ಇಲ್ಲದ ಅರೆಸ್ಟ್ ಒಂದು ಸೇರಿಕೊಳ್ಳುತ್ತದೆ. ಆಫೀಸಿನಲ್ಲಿ ರಿಲೀಸ್ ಇದೆ, ಪ್ರೊಡಕ್ಷನ್ ಇದೆ ಅನ್ನಬೇಡ.

ಮೊದಲ ದಿನ ವಿಚಾರಣೆ ಅಂತ ಇರುವುದಿಲ್ಲ. ಜಡ್ಜ್ ನಿನ್ನ ಮೇಲಿನ ಆರೋಪ ಏನು, ನಿನಗಿರುವ ಹಕ್ಕು ಏನು ಅಂತ ಓದಿ ಹೇಳುತ್ತಾರೆ, ಗಿಲ್ಟಿಯಾ, ನಾಟ್ ಗಿಲ್ಟಿಯಾ ಅಂತ ಕೇಳುತ್ತಾರೆ. ಇಲ್ಲೇ ನಮ್ಮ ಹುಡುಗರು ಎಡವುವುದು. ಎದುರಿಗೆ ಜಡ್ಜ್, ಗಂಟಲು ಒಣಗಿರುತ್ತದೆ, ಜೊತೆಗೆ "ತಳ್ಳಿದ್ದು ನಿಜ ತಾನೇ, ಸುಳ್ಳು ಯಾಕೆ ಹೇಳಲಿ" ಅನ್ನುವ ಒಳ್ಳೆಯತನ ಬೇರೆ. ನಾಟ್ ಗಿಲ್ಟಿ ಅನ್ನುವುದು ಸುಳ್ಳು ಹೇಳಿದ ಹಾಗಲ್ಲ ಕಣೋ. ಆರೋಪ ಸಾಬೀತು ಮಾಡುವ ಕೆಲಸ ಸರ್ಕಾರದ್ದು, ಮಾಡಲಿ, ನನಗೆ ವಕೀಲರ ಜೊತೆ ಮಾತಾಡಲು ಸಮಯ ಬೇಕು ಅಂತ ಅದರ ಅರ್ಥ. ನಾಟ್ ಗಿಲ್ಟಿ ಅನ್ನು, ವಕೀಲರಿಗೆ ಸಮಯ ಕೇಳು. ಕೊಡುತ್ತಾರೆ. ಇಂಗ್ಲಿಷ್‌ನಲ್ಲಿ ಅಷ್ಟು ಜನರ ಮುಂದೆ ತಡವರಿಸುತ್ತೀಯ ಅನ್ನಿಸಿದರೆ ಕನ್ನಡದ ದುಭಾಷಿ ಬೇಕು ಅಂತ ಮೊದಲೇ ಕೋರ್ಟಿಗೆ ತಿಳಿಸು. ಅದಕ್ಕೆ ದುಡ್ಡಿಲ್ಲ, ನಾಚಿಕೆಯೂ ಬೇಡ.

ಆಮೇಲೆ ನಡೆಯುವುದೆಲ್ಲ ನಿನ್ನ ವಕೀಲರಿಗೂ ಊರಿನ ಪ್ರಾಸಿಕ್ಯೂಟರ್‌ಗೂ, ಅಂದರೆ ಸರ್ಕಾರದ ಪರ ವಕೀಲರಿಗೂ ನಡುವಿನ ಮಾತುಕತೆ. ಪೊಲೀಸ್ ರಿಪೋರ್ಟ್, ಪೊಲೀಸರ ಬಾಡಿ ಕ್ಯಾಮೆರಾ ವೀಡಿಯೊ ಎಲ್ಲ ತರಿಸಿ ನೋಡುತ್ತಾರೆ. ನಿಮ್ಮ ಪಾರ್ಕಿಂಗ್‌ನಲ್ಲಿ ಕ್ಯಾಮೆರಾ ಇದ್ದರೆ ಅವತ್ತಿನ ವೀಡಿಯೊ ಅಳಿಸದೆ ಇಡಿ ಅಂತ ಅಪಾರ್ಟ್‌ಮೆಂಟಿನ ಲೀಸಿಂಗ್ ಆಫೀಸಿಗೆ ನಾಳೆಯೇ ಇಮೇಲ್ ಮಾಡು. ಪಕ್ಕದ ಮನೆಯವನಿಗೆ ಮಾತ್ರ ವಾಟ್ಸಾಪ್‌ನಲ್ಲಿ ಸಾರಿ ಅಂತಲೂ ಕಳಿಸಬೇಡ, ಅದೇ ನಿನ್ನ ವಿರುದ್ಧ ಸಾಕ್ಷಿಯಾಗಬಹುದು. ಒಂದು ವೇಳೆ ವಿಚಾರಣೆಗೆ ಹೋದರೂ ಈ ಕೋರ್ಟಿನಲ್ಲಿ ಜ್ಯೂರಿ ಇರುವುದಿಲ್ಲ, ಜಡ್ಜ್ ಒಬ್ಬರೇ ತೀರ್ಪು ಕೊಡುತ್ತಾರೆ. ಒಪ್ಪದಿದ್ದರೆ 20 ದಿನದೊಳಗೆ ನ್ಯೂ ಬ್ರನ್ಸ್‌ವಿಕ್‌ಗೆ ಅಪೀಲು ಹೋಗಬೇಕು.

ಈಗ ಮುಖ್ಯ ವಿಷಯ. ಪ್ರಾಸಿಕ್ಯೂಟರ್ ಕಡೆಯಿಂದ ಕಂಡೀಷನಲ್ ಡಿಸ್ಮಿಸಲ್, ಅಂದರೆ ಷರತ್ತಿನ ಮೇಲೆ ಕೇಸ್ ವಜಾ ಅನ್ನುವ ಮಾತು ಬರಬಹುದು. 2014ರಿಂದ ಇರುವ ವ್ಯವಸ್ಥೆ ಇದು. ಮೊದಲ ಸಲ ಬಂದವರಿಗೆ, ಜೀವನದಲ್ಲಿ ಒಂದೇ ಸಲ. ಅರ್ಜಿಗೆ 75 ಡಾಲರ್, ಒಂದು ವರ್ಷ ಸರಿಯಾಗಿ ನಡೆದುಕೊಂಡರೆ ಕೇಸ್ ವಜಾ. ಇಲ್ಲೇ ಹುಟ್ಟಿದವರಿಗೆ ಬಹಳ ಒಳ್ಳೆಯದು. ನಮಗೆ ಇದರಲ್ಲೊಂದು ಮುಳ್ಳಿದೆ. ಒಳಗೆ ಸೇರಬೇಕಾದರೆ ಮೊದಲು ಗಿಲ್ಟಿ ಅಂತ ಒಪ್ಪಬೇಕು, ಅಥವಾ ಜಡ್ಜ್ ತಪ್ಪಿತಸ್ಥ ಅಂತ ಹೇಳಿರಬೇಕು. 1996ರಿಂದ ಇಮಿಗ್ರೇಷನ್ ಕಾನೂನಿನಲ್ಲಿ ಕನ್ವಿಕ್ಷನ್ (ಅಪರಾಧಿ ಅಂತ ತೀರ್ಮಾನ) ಅನ್ನುವ ಪದಕ್ಕೆ ಬೇರೆಯೇ ಅರ್ಥ ಇದೆ. ತಪ್ಪು ಒಪ್ಪಿಕೊಂಡು, ಅದರ ಮೇಲೆ ಯಾವುದೋ ನಿರ್ಬಂಧ ಬಿದ್ದಿದ್ದರೆ, ಊರಿನ ಕೋರ್ಟ್ ಆಮೇಲೆ ವಜಾ ಮಾಡಿದರೂ ಇಮಿಗ್ರೇಷನ್‌ನವರು ಅದನ್ನು ಕನ್ವಿಕ್ಷನ್ ಅಂತಲೇ ನೋಡಬಹುದು. ನ್ಯೂಯಾರ್ಕಿನ ನಿನ್ನ ಸ್ನೇಹಿತ ಹೇಳಿದ್ದು ಇದಲ್ಲ. ಅಲ್ಲಿ ಡಿಸಾರ್ಡರ್ಲಿ ಕಂಡಕ್ಟ್ ಅನ್ನುವುದು ಬರೀ ವಯಲೇಷನ್, ಕ್ರೈಮ್ ಅಲ್ಲದ ಸಣ್ಣ ಉಲ್ಲಂಘನೆ. ಎಸಿಡಿ ಅಂತ ಕೇಸನ್ನು ಸಾಮಾನ್ಯವಾಗಿ ಆರು ತಿಂಗಳು ಮುಂದಕ್ಕೆ ಹಾಕಿ ವಜಾ ಮಾಡುತ್ತಾರೆ, ಅದಕ್ಕೆ ಗಿಲ್ಟಿ ಅನ್ನಬೇಕಾಗಿಲ್ಲ. ಹಡ್ಸನ್ ನದಿ ದಾಟಿದರೆ ಕಾನೂನೇ ಬೇರೆ ತಮ್ಮಾ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ, ಆದರೆ ನಿನಗೆ ಅದು ಹೊಂದುವುದಿಲ್ಲ.

ಆರೋಪವನ್ನು ಊರಿನ ಆರ್ಡಿನೆನ್ಸ್, ಅಂದರೆ ಸ್ಥಳೀಯ ನಿಯಮದ ಉಲ್ಲಂಘನೆಗೆ ಇಳಿಸುತ್ತೇವೆ, ಗಲಾಟೆ ಮಾಡಿದ್ದಕ್ಕೆ ದಂಡ ಅಂತ ಹಾಕುತ್ತೇವೆ ಅಂತಲೂ ಪ್ರಾಸಿಕ್ಯೂಟರ್ ಹೇಳಬಹುದು. ಅನೇಕರ ಕೇಸ್ ಹೀಗೇ ಮುಗಿಯುತ್ತದೆ, ಎಷ್ಟೋ ಸಲ ಅದು ಒಳ್ಳೆಯ ದಾರಿಯೇ. ಆದರೂ ಅದು ಕೂಡ ಒಪ್ಪಿಕೊಳ್ಳುವುದೇ ತಾನೇ, ಹಾಗಾಗಿ ಸಹಿ ಹಾಕುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳು. ಕ್ರಿಮಿನಲ್ ವಕೀಲರು ವೀಸಾ ಮೇಲೆ ಆಗುವ ಪರಿಣಾಮವನ್ನೂ ಹೇಳಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ ನೀನೇ ಬಾಯಿಬಿಟ್ಟು "ನಾನು ಎಚ್-1ಬಿ" ಅಂತ ಮೊದಲ ಮಾತಿನಲ್ಲೇ ಹೇಳಿಬಿಡು.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. 2016ರಲ್ಲಿ ಕೆಳಗಿನ ಮನೆಯವರ ಜೊತೆ ನಮಗೂ ಜಗಳ ಆಯಿತು. ಬೆಳಿಗ್ಗೆ ಐದೂವರೆಗೆ ನಾನು ಗ್ರೈಂಡರ್ ಹಾಕುತ್ತಿದ್ದೆ, ಅವರು ನೈಟ್ ಶಿಫ್ಟ್ ಮುಗಿಸಿ ಆಗತಾನೇ ಮಲಗುತ್ತಿದ್ದರು. ಮೆಟ್ಟಿಲ ಮೇಲೆ ಮಾತಿಗೆ ಮಾತು ಬೆಳೆದು ನಮ್ಮೆಜಮಾನರು ಜೋರಾಗಿ ಕೂಗಿದರು, ಅವರು ಹೋಗಿ ಕಂಪ್ಲೇಂಟ್ ಕೊಟ್ಟರು. ಇಲ್ಲಿ ಪೊಲೀಸರೇ ಆಗಬೇಕಂತಿಲ್ಲ, ಯಾರು ಬೇಕಾದರೂ ಮುನಿಸಿಪಲ್ ಕೋರ್ಟಿನಲ್ಲಿ ಕಂಪ್ಲೇಂಟ್ ಬರೆಸಬಹುದು. ಕೋರ್ಟ್ ನಮ್ಮನ್ನು ಮೀಡಿಯೇಷನ್‌ಗೆ, ಅಂದರೆ ರಾಜಿ ಮಾತುಕತೆಗೆ ಕಳಿಸಿತು. ಸಂಜೆ ಹೊತ್ತು ಒಂದು ಸಣ್ಣ ರೂಮಿನಲ್ಲಿ ಮೇಜಿನ ಸುತ್ತ ನಾವು, ಅವರು, ನಡುವೆ ವಯಸ್ಸಾದ ಒಬ್ಬ ಹೆಂಗಸು. ಆಕೆ ಯಾರ ತಪ್ಪು ಅಂತ ಕೇಳಲೇ ಇಲ್ಲ, ಯಾರಿಗೆ ಏನು ಬೇಕು ಅಂತ ಮಾತ್ರ ಕೇಳಿದರು. ಎಂಟು ಗಂಟೆಗೆ ಮುಂಚೆ ಗ್ರೈಂಡರ್ ಹಾಕುವುದಿಲ್ಲ ಅಂತ ನಾನು ಬರೆದುಕೊಟ್ಟೆ, ಏನಿದ್ದರೂ ಮೊದಲು ನಮಗೇ ಹೇಳುತ್ತೇವೆ ಅಂತ ಅವರು ಬರೆದುಕೊಟ್ಟರು. ಕೇಸ್ ವಜಾ. ಗಿಲ್ಟಿ ಅನ್ನುವ ಪದವೇ ಬರಲಿಲ್ಲ. ನೆರೆಹೊರೆ ಜಗಳಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಿನ್ನದರಲ್ಲೂ ಯಾರಿಗೂ ಪೆಟ್ಟಾಗಿಲ್ಲ ಅಂತೀಯ, ಮೀಡಿಯೇಷನ್ ಸಾಧ್ಯವಾ ಅಂತ ವಕೀಲರ ಬಾಯಲ್ಲಿ ಕೇಳಿಸು.

ಆದರೆ ನಾವು ಆ ವಜಾ ಕಾಗದ ತೆಗೆದಿಡಲಿಲ್ಲ. ಐದು ವರ್ಷ ಆದಮೇಲೆ ಗ್ರೀನ್ ಕಾರ್ಡ್ ಹೊತ್ತಿಗೆ ಸರ್ಟಿಫೈಡ್ ಡಿಸ್ಪೊಸಿಷನ್, ಅಂದರೆ ಕೇಸ್ ಹೇಗೆ ಮುಗಿಯಿತು ಅನ್ನುವ ಕೋರ್ಟ್ ಸೀಲ್ ಇರುವ ಕಾಗದ ಕಳಿಸಿ ಅಂತ ಪತ್ರ ಬಂತು. ನಮ್ಮೆಜಮಾನರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮಗಳು ಆಗ ಏಳನೇ ಕ್ಲಾಸು, ಅವಳ ಮುಂದೆ ಏನೂ ತೋರಿಸಿಕೊಳ್ಳದೆ ಕೋರ್ಟ್ ಕ್ಲರ್ಕ್ ಹತ್ತಿರ ಮೂರು ಸಲ ಓಡಾಡಿದೆವು. ಕಾಗದ ಸಿಕ್ಕಿತು, ಕಳಿಸಿದೆವು, ಮುಗಿಯಿತು. ನೀನು ಕೇಸ್ ಮುಗಿದ ದಿನವೇ ಸೀಲ್ ಇರುವ ಪ್ರತಿ ಮೂರು ತೆಗೆದುಕೋ. ದಾಖಲೆ ಅಳಿಸಲು ಅರ್ಜಿ ಹಾಕುವುದಾದರೆ ಅದಕ್ಕೆ ಮುಂಚೆಯೇ ತೆಗೆದುಕೋ, ಆಮೇಲೆ ಸಿಗುವುದು ಕಷ್ಟ.

ಈ ವರ್ಷ ಊರಿಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪಿಂಗ್ ಮಾಡಿಸುವ ಯೋಚನೆ ಇದ್ದರೆ ಕೇಸ್ ಮುಗಿಯುವವರೆಗೆ ಟಿಕೆಟ್ ಮಾಡಬೇಡ. ಅಮ್ಮನಿಗೆ ಈಗಲೇ ಹೇಳಬೇಕಾ ಅಂತ ಕೇಳಿದ್ದೀಯಲ್ಲ, ಅದು ನಿನ್ನ ಮನಸ್ಸಿಗೆ ಬಿಟ್ಟಿದ್ದು. ನಾನಾಗಿದ್ದರೆ ಕೇಸ್ ಮುಗಿದ ಮೇಲೆ ಹೇಳುತ್ತಿದ್ದೆ. ಸಮನ್ಸ್‌ನ ಎರಡೂ ಕಡೆಯ ಫೋಟೊ ಕಳಿಸು, ಶನಿವಾರ ಹನ್ನೊಂದಕ್ಕೆ ಮನೆಗೆ ಬಾ, ಊಟ ಇಲ್ಲೇ. ನಮಗೆ ಗೊತ್ತಿರುವ ಇಬ್ಬರು ವಕೀಲರ ನಂಬರ್ ಕೊಡುತ್ತೇನೆ. ಒಬ್ಬನೇ ಹೋಗಲು ಅಳುಕಿದ್ದರೆ ಕೋರ್ಟಿನ ದಿನ ನಾನೂ ರಜೆ ಹಾಕಿ ಬರುತ್ತೇನೆ.